ಕೋಷ್ಟಕಕ್ಕೊಂದು ಚಿಲಕ



ಗಣಕಯಂತ್ರದ ಬಗ್ಗೆ ಮಾತು ಬಂದಾಗಲೆಲ್ಲ ಅದು ಎಷ್ಟು ಬೇಗ ಲೆಕ್ಕ ಮಾಡುತ್ತದೆ ಎಂಬುದನ್ನೇ ನಾವು ಹೊಗಳುತ್ತೇವೆ. ಮಾಡಿದ ಲೆಕ್ಕವನ್ನು ಕೆಡದಂತೆ ಉಳಿಸಿಕೊಳ್ಳುವುದು ಹೇಗೆ ಎಂಬುದನ್ನು ಕಲಿಸುವವರು ಕಡಿಮೆ. ಇಂದಿನ ಮಾತು ಅದನ್ನು ಕುರಿತದ್ದು.

ನಿಮ್ಮಲ್ಲಿ ಅನೇಕರು ಸ್ಪ್ರೆಡ್‌ಶೀಟ್ ಬಳಸಿದ್ದೀರಿ. ಎಕ್ಸೆಲ್ ಇರಬಹುದು, ಲಿಬ್ರೆ ಆಫೀಸಿನ ಕ್ಯಾಲ್ಕ್ ಇರಬಹುದು, ಗೂಗಲ್ ಶೀಟ್ಸ್ ಇರಬಹುದು. ಪ್ರಯೋಗಾಲಯದ ಅಳತೆಗಳು, ಎನ್‌ಎಸ್‌ಎಸ್ ಶಿಬಿರದ ಖರ್ಚು, ತರಗತಿಯ ಅಂಕಪಟ್ಟಿ ಎಲ್ಲವೂ ಇಂದು ಈ ಚೌಕಗಳೊಳಗೆ ಕುಳಿತಿವೆ. ಅವನ್ನು ಕದಿಯಲು ಹೊರಗಿನಿಂದ ಕಳ್ಳರು ಬಂದಾರು ಎಂಬ ಭಯ ಎಲ್ಲರಿಗೂ ಇದೆ. ಆದರೆ ಹೆಚ್ಚಿನ ಹಾನಿ ಆಗುವುದು ಕಳ್ಳರಿಂದಲ್ಲ, ನಮ್ಮದೇ ಬೆರಳುಗಳಿಂದ. ಅರಿವಿಲ್ಲದೆ ಒತ್ತಿದ ಒಂದು ಕೀಲಿ, ಜಾರಿದ ಮೌಸ್, ಒಂದು ಸಾಲು ಕೆಳಗೆ ಅಂಟಿಸಿದ ಅಂಕಿಗಳು ಸಾಕು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎಂಬ ಗಾದೆ ಇದಕ್ಕೆ ಸರಿಯಾಗಿ ಒಪ್ಪುತ್ತದೆ. ಒಂದು ವ್ಯತ್ಯಾಸವುಂಟು: ಮಡಕೆ ಒಡೆದರೆ ಸದ್ದಾಗುತ್ತದೆ, ಅಂಕಿ ಬದಲಾದರೆ ಸದ್ದಾಗುವುದಿಲ್ಲ.

ಕಾಗದದ ರಿಜಿಸ್ಟರನ್ನು ನೆನಪಿಸಿಕೊಳ್ಳಿ. ಅಲ್ಲಿ ಅಂಕಿ ತಪ್ಪಾದರೆ ಅದರ ಮೇಲೆ ಒಂದು ಗೆರೆ ಎಳೆದು, ಪಕ್ಕದಲ್ಲಿ ಸರಿಯಾದುದನ್ನು ಬರೆದು, ಚಿಕ್ಕ ಸಹಿ ಹಾಕುವ ಪದ್ಧತಿಯಿದೆ. ಹಣದ ಮೊತ್ತವನ್ನು ಅಂಕಿಯಲ್ಲೂ ಅಕ್ಷರದಲ್ಲೂ ಬರೆಯುತ್ತಾರೆ. ಇವು ಬರಿಯ ಕಚೇರಿ ಶಿಷ್ಟಾಚಾರಗಳಲ್ಲ. ಹಳೆಯ ಅಂಕಿ ಗೆರೆಯ ಕೆಳಗೆ ಕಾಣುತ್ತಿರಬೇಕು, ಬದಲಿಸಿದವರು ಯಾರೆಂದು ತಿಳಿಯಬೇಕು ಎಂಬ ವಿವೇಕ ಅದರ ಹಿಂದಿದೆ. ಸ್ಪ್ರೆಡ್‌ಶೀಟಿನ ಕೋಶದಲ್ಲಿ ಹೊಸ ಅಂಕಿ ಹಳೆಯದನ್ನು ಪೂರ್ತಿಯಾಗಿ ನುಂಗಿ, ಮೊದಲಿನಿಂದಲೂ ತಾನೇ ಅಲ್ಲಿದ್ದಂತೆ ಕೂರುತ್ತದೆ. ಇನ್ನೊಂದು ಮಾತು. ರಿಜಿಸ್ಟರನ್ನು ಓದುವಾಗ ನಮ್ಮ ಕೈಯಲ್ಲಿ ಪೆನ್ನು ಇರುವುದಿಲ್ಲ. ಆದರೆ ಸ್ಪ್ರೆಡ್‌ಶೀಟಿಗೆ ಓದುವುದಕ್ಕೂ ಬರೆಯುವುದಕ್ಕೂ ಭೇದ ತಿಳಿಯದು. ತೆರೆದು ನೋಡಿದವರ ಕೈಯಲ್ಲೆಲ್ಲ ಪೆನ್ನಿರುತ್ತದೆ.

ಇದು ಹೀಗಿರುವುದಕ್ಕೆ ಕಾರಣವುಂಟು. ಅಮೆರಿಕದ ಹಾರ್ವರ್ಡ್ ಬಿಸಿನೆಸ್ ಸ್ಕೂಲಿನಲ್ಲಿ ಓದುತ್ತಿದ್ದ ಡ್ಯಾನ್ ಬ್ರಿಕ್ಲಿನ್ ಎಂಬ ವಿದ್ಯಾರ್ಥಿ, ಪ್ರಾಧ್ಯಾಪಕರು ಕರಿಹಲಗೆಯ ಮೇಲೆ ಲೆಕ್ಕದ ಕೋಷ್ಟಕ ಬರೆಯುವುದನ್ನು ನೋಡುತ್ತಿದ್ದರು. ಒಂದು ಅಂಕಿ ಬದಲಾದರೆ ಅದಕ್ಕೆ ಹೊಂದಿಕೊಂಡ ಎಲ್ಲವನ್ನೂ ಒರೆಸಿ ಮತ್ತೆ ಬರೆಯಬೇಕಾಗುತ್ತಿತ್ತು. ಒಂದನ್ನು ಬದಲಿಸಿದರೆ ಉಳಿದವು ತಾವೇ ಬದಲಾಗುವ ಹಲಗೆಯೊಂದಿದ್ದರೆ ಎಂದು ಅವರು ಯೋಚಿಸಿದರು. ಬಾಬ್ ಫ್ರಾಂಕ್‌ಸ್ಟನ್ ಅವರೊಡನೆ ಸೇರಿ ಅವರು ರೂಪಿಸಿದ ವಿಸಿಕ್ಯಾಲ್ಕ್ 1979ರಲ್ಲಿ ಆಪಲ್ 2 ಗಣಕಕ್ಕಾಗಿ ಹೊರಬಂದಿತು. ಇಂದಿನ ಎಲ್ಲ ಸ್ಪ್ರೆಡ್‌ಶೀಟುಗಳೂ ಅದೇ ವಂಶದವು. ಹೀಗಾಗಿ ಸುಲಭವಾಗಿ ಬದಲಾಗುವುದು, ಆ ಬದಲಾವಣೆ ಎಲ್ಲೆಡೆ ಹರಡುವುದು ಇದರ ಹುಟ್ಟುಗುಣ. ನಾವು ಬೇಕೆಂದು ಮಾಡಿದ ಬದಲಾವಣೆ ಎಷ್ಟು ಬೇಗ ಹರಡುತ್ತದೆಯೋ, ಬೇಡದೆ ಆದದ್ದೂ ಅಷ್ಟೇ ಬೇಗ ಹರಡುತ್ತದೆ.

ಆಕಸ್ಮಿಕ ಬದಲಾವಣೆಗಳು ಯಾವ ಬಗೆಯವು ಎಂದು ಈಗ ನೋಡೋಣ. ಮೊದಲನೆಯದು, ಸೂತ್ರದ ಮೇಲೆ ಅಂಕಿ ಬರೆದುಬಿಡುವುದು. ಐದು ವಿಷಯಗಳ ಮೊತ್ತ 312 ಎಂದು ಒಂದು ಕೋಶ ತೋರಿಸುತ್ತಿದೆ ಎನ್ನಿ. ಅದರೊಳಗಿರುವುದು ಅಂಕಿಯಲ್ಲ, ಕೂಡಿಸುವ ಸೂತ್ರ. ಯಾರೋ ಅಲ್ಲಿ 312 ಎಂದೇ ಟೈಪ್ ಮಾಡುತ್ತಾರೆ. ಕಣ್ಣಿಗೆ ಯಾವ ವ್ಯತ್ಯಾಸವೂ ಕಾಣದು. ಮುಂದಿನ ವಾರ ಮರು ಎಣಿಕೆಯಲ್ಲಿ ಒಬ್ಬ ಹುಡುಗಿಯ ಗಣಿತದ ಅಂಕ 48ರಿಂದ 58ಕ್ಕೆ ಏರುತ್ತದೆ. ಮೊತ್ತ ಮಾತ್ರ 312ರಲ್ಲೇ ನಿಲ್ಲುತ್ತದೆ. ಆ ಹತ್ತು ಅಂಕ ಎಲ್ಲಿ ಹೋಯಿತೆಂದು ಯಾರೂ ಕೇಳುವುದಿಲ್ಲ, ಏಕೆಂದರೆ ಗಣಕ ಕೂಡಿದ್ದರಲ್ಲಿ ತಪ್ಪಿರದು ಎಂದು ಎಲ್ಲರ ನಂಬಿಕೆ.

ಎರಡನೆಯದು, ಸಾಲುಗಳು ಜರುಗುವುದು. ಹೆಸರಿನ ಕಂಬಸಾಲನ್ನು ಮಾತ್ರ ಆರಿಸಿ ಅಕಾರಾದಿಯಾಗಿ ಜೋಡಿಸಿದರೆ ಹೆಸರುಗಳು ಸ್ಥಾನ ಬದಲಿಸುತ್ತವೆ, ಅಂಕಗಳು ಇದ್ದಲ್ಲೇ ಇರುತ್ತವೆ. ಪಕ್ಕದ ಸಾಲುಗಳನ್ನೂ ಸೇರಿಸಬೇಕೆ ಎಂದು ಎಕ್ಸೆಲ್ ಸಾಮಾನ್ಯವಾಗಿ ಕೇಳುತ್ತದೆ. ಅವಸರದವರು ಓದದೆ ಉತ್ತರಿಸುತ್ತಾರೆ. ಆಗ ಪ್ರತಿ ಹೆಸರೂ ಸರಿ, ಪ್ರತಿ ಅಂಕವೂ ಸರಿ, ಯಾರದು ಯಾವುದು ಎಂಬುದೊಂದೇ ತಪ್ಪು.

ಜರುಗಿದ ಸಾಲು ಎಷ್ಟು ದುಬಾರಿಯಾಗಬಲ್ಲದು ಎಂಬುದಕ್ಕೆ ಕೆನಡಾದ ಟ್ರಾನ್ಸ್‌ಆಲ್ಟಾ ಎಂಬ ವಿದ್ಯುತ್ ಕಂಪನಿಯ ಪ್ರಸಂಗ ಸಾಕ್ಷಿ. 2003ರಲ್ಲಿ ನ್ಯೂಯಾರ್ಕಿನ ವಿದ್ಯುತ್ ಸಾಗಣೆ ಒಪ್ಪಂದಗಳಿಗೆ ಅದು ಬಿಡ್ ಸಲ್ಲಿಸಿತು. ಎಕ್ಸೆಲ್ ಹಾಳೆಯಲ್ಲಿ ಕತ್ತರಿಸಿ ಅಂಟಿಸುವಾಗ ಆದ ತಪ್ಪಿನಿಂದ ಒಂದು ಒಪ್ಪಂದದ ಎದುರು ಇನ್ನೊಂದರ ಬೆಲೆ ಬಂದು ಕೂತಿತು. ಬೇಕಾದುದಕ್ಕಿಂತ ಹೆಚ್ಚು ಒಪ್ಪಂದಗಳನ್ನು, ಹೆಚ್ಚಿನ ಬೆಲೆಗೆ ಕೊಂಡಂತಾಯಿತು. ನಷ್ಟ 2 ಕೋಟಿ 40 ಲಕ್ಷ ಡಾಲರ್. ಅಂಕಿಯನ್ನು ತಪ್ಪಾಗಿ ಲೆಕ್ಕ ಹಾಕಿದವರು ಯಾರೂ ಇರಲಿಲ್ಲ. ಅಂಕಿ ನಿಂತ ಜಾಗ ತಪ್ಪಾಗಿತ್ತು, ಅಷ್ಟೆ.

ಮೂರನೆಯ ಬಗೆ ಇನ್ನೂ ವಿಚಿತ್ರ. ಇಲ್ಲಿ ಬದಲಿಸುವುದು ಯಂತ್ರವೇ, ಅದೂ ಸಹಾಯ ಮಾಡುವ ಉತ್ಸಾಹದಿಂದ. ನೀವು 3-4 ಎಂದು ಬರೆದರೆ ಅದು ದಿನಾಂಕವೆಂದು ಭಾವಿಸುತ್ತದೆ. 007 ಎಂಬ ನೋಂದಣಿ ಸಂಖ್ಯೆಯನ್ನು 7 ಮಾಡುತ್ತದೆ. ಎಕ್ಸೆಲ್ ಒಂದು ಸಂಖ್ಯೆಯಲ್ಲಿ 15 ಅಂಕಿಗಳನ್ನು ಮಾತ್ರ ನಿಖರವಾಗಿ ಇಟ್ಟುಕೊಳ್ಳುತ್ತದೆ. ಆದುದರಿಂದ 16 ಅಂಕಿಗಳ ಖಾತೆ ಸಂಖ್ಯೆಯನ್ನು ಹಾಗೆಯೇ ಬರೆದರೆ ಕೊನೆಯ ಅಂಕಿ ಸೊನ್ನೆಯಾಗುತ್ತದೆ.

ಜೀವವಿಜ್ಞಾನ ಓದುವವರು ಈ ಮುಂದಿನದನ್ನು ಗಮನವಿಟ್ಟು ಓದಬೇಕು. ಮಾನವನ ಜೀನ್‌ಗಳಿಗೆ ವಿಜ್ಞಾನಿಗಳು ಚಿಕ್ಕ ಸಂಕೇತಗಳನ್ನು ಕೊಟ್ಟಿದ್ದಾರೆ. ಅವುಗಳಲ್ಲಿ 'ಸೆಪ್ಟ್ 2', 'ಮಾರ್ಚ್ 1' ಎಂದು ಓದಿಕೊಳ್ಳುವ ಸಂಕೇತಗಳಿದ್ದವು. ಎಕ್ಸೆಲ್ ಅವನ್ನು ಸೆಪ್ಟೆಂಬರ್ 2, ಮಾರ್ಚ್ 1 ಎಂಬ ದಿನಾಂಕಗಳಾಗಿ ಬದಲಿಸಿಬಿಡುತ್ತಿತ್ತು. ಈ ಅಪಾಯವನ್ನು 2004ರಲ್ಲಿಯೇ ವಿಜ್ಞಾನ ಪತ್ರಿಕೆಯೊಂದು ಪ್ರಕಟಿಸಿ ಎಚ್ಚರಿಸಿತ್ತು. ಆದರೂ 2016ರಲ್ಲಿ ಆಸ್ಟ್ರೇಲಿಯದ ಸಂಶೋಧಕರು ಪರಿಶೀಲಿಸಿದಾಗ, ಎಕ್ಸೆಲ್ ರೂಪದ ಜೀನ್ ಪಟ್ಟಿಗಳನ್ನು ಜೊತೆಗಿಟ್ಟುಕೊಂಡು ಪ್ರಕಟವಾಗಿದ್ದ ಸಂಶೋಧನ ಲೇಖನಗಳಲ್ಲಿ ಸುಮಾರು ಐದರಲ್ಲಿ ಒಂದರೊಳಗೆ ಇಂಥ ಕೆಟ್ಟ ಹೆಸರುಗಳು ಸಿಕ್ಕವು. ಅವನ್ನು ಬರೆದವರು ತಜ್ಞರು, ಓದಿ ಒಪ್ಪಿದವರೂ ತಜ್ಞರು. ಕೊನೆಗೆ ಜೀನ್‌ಗಳಿಗೆ ಹೆಸರಿಡುವ ಅಂತರರಾಷ್ಟ್ರೀಯ ಸಮಿತಿ 'ಸೆಪ್ಟ್ 1' ಅನ್ನು 'ಸೆಪ್ಟಿನ್ 1' ಎಂದೂ, 'ಮಾರ್ಚ್ 1' ಅನ್ನು 'ಮಾರ್ಚ್ ಎಫ್ 1' ಎಂದೂ ಬದಲಿಸಿತು. ಹೀಗೆ 27 ಜೀನ್‌ಗಳಿಗೆ ಮರುನಾಮಕರಣವಾದುದು 2020ರಲ್ಲಿ ಸುದ್ದಿಯಾಯಿತು. ಈ ತಾನೇತಾನಾದ ಬದಲಾವಣೆಯನ್ನು ನಿಲ್ಲಿಸಿಡುವ ಆಯ್ಕೆಯನ್ನು ಮೈಕ್ರೊಸಾಫ್ಟ್ ಕಂಪನಿ ಎಕ್ಸೆಲ್ಲಿಗೆ ಸೇರಿಸಿದ್ದು 2023ರಲ್ಲಿ. ಅಂದರೆ ಯಂತ್ರ ಬದಲಾಗುವ ಮುನ್ನ ವಿಜ್ಞಾನವೇ ತನ್ನ ಹೆಸರುಗಳನ್ನು ಬದಲಿಸಿಕೊಳ್ಳಬೇಕಾಯಿತು.

ಇದಕ್ಕೆ ಪರಿಹಾರ ಸರಳ. ನೋಂದಣಿ ಸಂಖ್ಯೆ, ದೂರವಾಣಿ ಸಂಖ್ಯೆ, ಖಾತೆ ಸಂಖ್ಯೆ ಮುಂತಾದವನ್ನು ನಾವು ಕೂಡುವುದೂ ಇಲ್ಲ, ಗುಣಿಸುವುದೂ ಇಲ್ಲ. ಅವು ಅಂಕಿಯ ವೇಷದಲ್ಲಿರುವ ಹೆಸರುಗಳು. ಆದುದರಿಂದ ಬರೆಯುವ ಮೊದಲೇ ಆ ಕಂಬಸಾಲನ್ನು ಆರಿಸಿ ಅದರ ರೂಪವನ್ನು 'ಟೆಕ್ಸ್ಟ್' ಎಂದು ಗೊತ್ತುಪಡಿಸಿ. ಮೊದಲೇ ಎಂಬುದು ಇಲ್ಲಿ ಮುಖ್ಯ. ಕಳೆದುಹೋದ ಸೊನ್ನೆ ಆಮೇಲೆ ರೂಪ ಬದಲಿಸಿದರೆ ಮರಳಿ ಬಾರದು.

ಇನ್ನು ರಕ್ಷಣೆಯ ಕ್ರಮಗಳಿಗೆ ಬರೋಣ. ಮೊಟ್ಟಮೊದಲ ನಿಯಮ: ಮೂಲವನ್ನು ಮುಟ್ಟಬೇಡಿ. ಅಳತೆ ಮಾಡಿ ಬರೆದುಕೊಂಡ ಅಂಕಿಗಳು, ಉತ್ತರಪತ್ರಿಕೆಯಿಂದ ಇಳಿಸಿಕೊಂಡ ಅಂಕಗಳು ಒಂದು ಹಾಳೆಯಲ್ಲಿರಲಿ. ಮೊತ್ತ, ಸರಾಸರಿ, ನಕ್ಷೆಗಳು ಇನ್ನೊಂದು ಹಾಳೆಯಲ್ಲಿರಲಿ. ಎರಡನೆಯ ಹಾಳೆಯ ಸೂತ್ರಗಳು ಮೊದಲನೆಯದನ್ನು ನೋಡಿ ಲೆಕ್ಕ ಹಾಕಲಿ. ಆಗ ಲೆಕ್ಕದ ಹಾಳೆ ಪೂರ್ತಿ ಹಾಳಾದರೂ ಮತ್ತೆ ಕಟ್ಟಬಹುದು. ಮೂಲವೇ ಹೋದರೆ ಕಟ್ಟುವುದಕ್ಕೆ ಏನೂ ಉಳಿಯುವುದಿಲ್ಲ.

ಎರಡನೆಯದು, ಚಿಲಕ ಹಾಕುವುದು. ಎಕ್ಸೆಲ್ಲಿನಲ್ಲಿ ಇದರ ಕ್ರಮ ಮೊದಲಿಗೆ ತಿರುಗುಮುರುಗಾಗಿ ಕಾಣುತ್ತದೆ. ಪ್ರತಿ ಕೋಶದ ಮೇಲೂ 'ಲಾಕ್ಡ್' ಎಂಬ ಗುರುತು ಹುಟ್ಟಿನಿಂದಲೇ ಇರುತ್ತದೆ. ಆದರೆ ಇಡೀ ಹಾಳೆಗೆ ರಕ್ಷಣೆ ಕೊಡುವ ತನಕ ಆ ಗುರುತಿಗೆ ಯಾವ ಶಕ್ತಿಯೂ ಇಲ್ಲ. ಆದುದರಿಂದ ಮುಚ್ಚಬೇಕಾದ ಕೋಶಗಳನ್ನು ಹುಡುಕುತ್ತ ಹೋಗಬೇಕಾಗಿಲ್ಲ. ತೆರೆದಿರಬೇಕಾದುವನ್ನು, ಎಂದರೆ ಅಂಕ ತುಂಬಬೇಕಾದ ಕೋಶಗಳನ್ನು, ಮೊದಲು ಆರಿಸಿಕೊಳ್ಳಿ. 'ಫಾರ್ಮ್ಯಾಟ್ ಸೆಲ್ಸ್' ಎಂಬಲ್ಲಿ 'ಪ್ರೊಟೆಕ್ಷನ್' ಪುಟಕ್ಕೆ ಹೋಗಿ 'ಲಾಕ್ಡ್' ಎದುರಿನ ಗುರುತನ್ನು ತೆಗೆಯಿರಿ. ಅನಂತರ 'ರಿವ್ಯೂ' ಪಟ್ಟಿಯಲ್ಲಿ 'ಪ್ರೊಟೆಕ್ಟ್ ಶೀಟ್' ಒತ್ತಿ. ಈಗ ತುಂಬುವ ಜಾಗ ಮಾತ್ರ ತೆರೆದಿರುತ್ತದೆ. ಹೆಸರು, ಶೀರ್ಷಿಕೆ, ಸೂತ್ರ ಎಲ್ಲವೂ ಚಿಲಕದೊಳಗಿರುತ್ತವೆ. ಸಾಲುಗಳನ್ನು ಅಕಾರಾದಿಯಾಗಿ ಜೋಡಿಸಲು ಹೋದರೂ ಹಾಳೆ ಬಿಡುವುದಿಲ್ಲ. ಲಿಬ್ರೆ ಆಫೀಸಿನಲ್ಲಿಯೂ ಕ್ರಮ ಇದೇ. ಅಲ್ಲಿ ಹಾಳೆಯನ್ನು ರಕ್ಷಿಸುವ ಆಜ್ಞೆ 'ಟೂಲ್ಸ್' ಪಟ್ಟಿಯಲ್ಲಿದೆ. ಗೂಗಲ್ ಶೀಟ್ಸಿನಲ್ಲಿ 'ಡೇಟಾ' ಪಟ್ಟಿಯೊಳಗೆ 'ಪ್ರೊಟೆಕ್ಟ್ ಶೀಟ್ಸ್ ಅಂಡ್ ರೇಂಜಸ್' ಎಂಬುದುಂಟು. ಯಾರು ಯಾರು ಬದಲಿಸಬಹುದೆಂದು ಅಲ್ಲಿ ಹೆಸರಿಸಬಹುದು. ಕಡತದ ಒಡೆಯರನ್ನು ಮಾತ್ರ ತಡೆಯಲಾಗದು. ಆದರೆ ಬದಲಿಸುವ ಮುನ್ನ ಎಚ್ಚರಿಕೆ ತೋರಿಸು ಎಂದು ಹೇಳಿಟ್ಟರೆ ನಮ್ಮ ಕೈಯನ್ನೂ ಅದು ಒಂದು ಕ್ಷಣ ಹಿಡಿದು ನಿಲ್ಲಿಸುತ್ತದೆ.

ನಾನು ಇದನ್ನು ಚಿಲಕ ಎಂದೆ, ಬೀಗ ಎನ್ನಲಿಲ್ಲ. ಇದಕ್ಕೆ ಕಾರಣ ಹೇಳುತ್ತೇನೆ. ನಿಮ್ಮ ಮನೆಯಲ್ಲಿ ಹಳೆಯ ಹಾಡಿನ ಕ್ಯಾಸೆಟ್ ಉಳಿದಿದ್ದರೆ ಅದರ ಹಿಂಬದಿಯ ಅಂಚನ್ನು ನೋಡಿ. ಎರಡು ತುದಿಗಳಲ್ಲಿ ಎರಡು ಪುಟ್ಟ ಪ್ಲಾಸ್ಟಿಕ್ ಎಸಳುಗಳಿರುತ್ತವೆ. ಅವನ್ನು ಮುರಿದುಬಿಟ್ಟರೆ ಆ ಕ್ಯಾಸೆಟ್ಟಿನ ಮೇಲೆ ಮತ್ತೆ ಧ್ವನಿಮುದ್ರಣ ಮಾಡಲಾಗದು. ರೆಕಾರ್ಡ್ ಗುಂಡಿ ಕೆಳಗಿಳಿಯುವುದಿಲ್ಲ. ನಮ್ಮ ವೃತ್ತಿಯಲ್ಲಿ ಬಳಕೆಯಲ್ಲಿದ್ದ ದೃಶ್ಯ ಸುರುಳಿಗಳಿಗೂ ಇಂಥದೇ ಏರ್ಪಾಡು ಇತ್ತು. ಒಮ್ಮೆ ಚಿತ್ರೀಕರಿಸಿದ ಸಂದರ್ಶನದ ಮೇಲೆ ಇನ್ನೊಂದು ಮುದ್ರಣವಾಗಬಾರದೆಂಬುದು ಅದರ ಉದ್ದೇಶ. ಮತ್ತೆ ಮುದ್ರಿಸಲೇಬೇಕೆಂದರೆ ಕ್ಯಾಸೆಟ್ಟಿನ ಆ ತೂತಿನ ಮೇಲೆ ಒಂದು ತುಂಡು ಅಂಟುಟೇಪು ಹಚ್ಚಿದರೆ ಸಾಕಾಗಿತ್ತು. ಅಂದರೆ ಆ ಎಸಳು ಕಳ್ಳನನ್ನು ತಡೆಯುತ್ತಿರಲಿಲ್ಲ, ಮರೆವನ್ನು ತಡೆಯುತ್ತಿತ್ತು. ಹಾಳೆಯ ರಕ್ಷಣೆಯೂ ಹಾಗೆಯೇ. ಅದಕ್ಕೆ ಪಾಸ್‌ವರ್ಡ್ ಕೊಟ್ಟರೂ ಹಟ ಹಿಡಿದವರು ದಾಟಿಯಾರು. ಇದು ಭದ್ರತೆಯ ಸಾಧನವಲ್ಲವೆಂದು ತಯಾರಕರೇ ತಿಳಿಸಿದ್ದಾರೆ. ಬೇರೆಯವರು ಓದಲೂ ಬಾರದಂಥ ವಿಷಯವಿದ್ದರೆ ಇಡೀ ಕಡತವನ್ನೇ ಪಾಸ್‌ವರ್ಡ್ ಕೊಟ್ಟು ಗೂಢಲಿಪಿಗೆ ತಿರುಗಿಸಬೇಕು. ಅದು ನಿಜವಾದ ಬೀಗ. ಅದರ ಕೀಲಿ ಕಳೆದರೆ ತಯಾರಕರೂ ತೆರೆದುಕೊಡಲಾರರು. ಯಾವ ಬಾಗಿಲಿಗೆ ಚಿಲಕ ಸಾಕು, ಯಾವುದಕ್ಕೆ ಬೀಗ ಬೇಕು ಎಂದು ತಿಳಿದಿರುವುದೇ ಜಾಣತನ.

ಮೂರನೆಯದು, ತೆರೆದಿಟ್ಟ ಕೋಶಗಳಿಗೆ ಕಾವಲು. ನೂರು ಅಂಕಗಳ ಪರೀಕ್ಷೆಯಲ್ಲಿ 78ರ ಬದಲು 788 ಎಂದು ಬೀಳಬಹುದು. 'ಡೇಟಾ ವ್ಯಾಲಿಡೇಷನ್' ಎಂಬ ಸೌಲಭ್ಯದಲ್ಲಿ ಸೊನ್ನೆಯಿಂದ ನೂರರವರೆಗಿನ ಪೂರ್ಣಾಂಕ ಮಾತ್ರ ಎಂದು ಗೊತ್ತುಪಡಿಸಿದರೆ 788 ಒಳಗೆ ಬರಲಾರದು. ಆದರೆ ಈ ಕಾವಲುಗಾರ ಟೈಪ್ ಮಾಡಿ ಬರುವವರನ್ನು ಮಾತ್ರ ತಡೆದು ಕೇಳುತ್ತಾನೆ. ಬೇರೆಡೆಯಿಂದ ನಕಲಿಸಿ ಅಂಟಿಸಿದರೆ ಎಕ್ಸೆಲ್ಲಿನಲ್ಲಿ ಆ ಅಂಕಿ ಕಾವಲನ್ನು ದಾಟಿ ಒಳಗೆ ಬಂದುಬಿಡುತ್ತದೆ. ಅಂಟಿಸುವಾಗ ಎಚ್ಚರ ಇಮ್ಮಡಿಯಾಗಿರಲಿ.

ಕಾವಲಿಗೂ ಒಂದು ಮಿತಿಯುಂಟು. 87ರ ಬದಲು 78 ಎಂದು ಬರೆದರೆ ಅದು ಒಪ್ಪುವ ಅಂಕಿಯೇ. ಲಂಡನ್ನಿನ 2012ರ ಒಲಿಂಪಿಕ್ಸ್ ಟಿಕೆಟ್ ಮಾರಾಟದಲ್ಲಿ ಇಂಥದೇ ಆಯಿತು. ತಾಳಬದ್ಧ ಈಜಿನ ಸ್ಪರ್ಧೆಗಳಿಗೆ ಉಳಿದಿದ್ದ ಟಿಕೆಟ್‌ಗಳು 10,000. ಸಿಬ್ಬಂದಿಯೊಬ್ಬರು ಸ್ಪ್ರೆಡ್‌ಶೀಟಿನಲ್ಲಿ 20,000 ಎಂದು ಬರೆದರು. ತಪ್ಪಿದ್ದು ಒಂದೇ ಕೀಲಿ. ಇಲ್ಲದ 10,000 ಆಸನಗಳು ಮಾರಾಟವಾದವು. ಕೊಂಡವರಿಗೆ ಬೇರೆ ಸ್ಪರ್ಧೆಗಳ ಟಿಕೆಟ್ ಕೊಟ್ಟು ಸರಿಪಡಿಸಬೇಕಾಯಿತು. ಇಂಥ ತಪ್ಪನ್ನು ಹಿಡಿಯಬಲ್ಲದ್ದು ತಾಳೆ ನೋಡುವ ಪದ್ಧತಿ ಒಂದೇ. ಒಂದೇ ಉತ್ತರಕ್ಕೆ ಎರಡು ದಾರಿಯಿಂದ ಬನ್ನಿ. ಅಡ್ಡಸಾಲುಗಳ ಮೊತ್ತಗಳನ್ನು ಕೂಡಿದರೂ, ಕಂಬಸಾಲುಗಳ ಮೊತ್ತಗಳನ್ನು ಕೂಡಿದರೂ ಒಂದೇ ಸಂಖ್ಯೆ ಬರಬೇಕು. ಬಾರದಿದ್ದರೆ ಯಾವುದೋ ಸೂತ್ರ ಕೆಟ್ಟಿದೆ. ತರಗತಿಯಲ್ಲಿ 60 ಜನರಿದ್ದರೆ ಪಟ್ಟಿಯಲ್ಲಿ ತುಂಬಿದ ಕೋಶಗಳೂ 60 ಇವೆಯೇ ಎಂದು ಎಣಿಸಿ. ಮೂಲ ಕಾಗದದಲ್ಲಿ ಕೂಡಿ ಬರೆದಿಟ್ಟ ಮೊತ್ತವನ್ನು ಹಾಳೆಯ ಮೊತ್ತದೊಡನೆ ಹೋಲಿಸಿ.

ಆದರೆ ನೆನಪಿಡಿ: ಹೆಸರುಗಳು ಮಾತ್ರ ಜರುಗಿ ಅಂಕಗಳು ನಿಂತ ಪಕ್ಷದಲ್ಲಿ ಎಲ್ಲ ಮೊತ್ತಗಳೂ ಸರಿಯಾಗಿಯೇ ತಾಳೆಯಾಗುತ್ತವೆ. ಆ ತಪ್ಪು ಲೆಕ್ಕಕ್ಕೆ ಸಿಕ್ಕುವುದಿಲ್ಲ, ಕಣ್ಣಿಗೆ ಮಾತ್ರ ಸಿಕ್ಕುತ್ತದೆ. ಪಟ್ಟಿಯ ಮೊದಲಿನಿಂದ, ನಡುವಿನಿಂದ, ಕೊನೆಯಿಂದ ನಾಲ್ಕಾರು ಹೆಸರುಗಳನ್ನು ಆರಿಸಿ ಅವರ ಅಂಕಗಳನ್ನು ಮೂಲ ಉತ್ತರಪತ್ರಿಕೆಯೊಡನೆ ಹೋಲಿಸಿ ನೋಡಿ. ಐದು ನಿಮಿಷದ ಕೆಲಸ.

ಕೊನೆಯದಾಗಿ, ಹಿಂದಕ್ಕೆ ಮರಳುವ ದಾರಿ. ಕಂಟ್ರೋಲ್ ಮತ್ತು ಝಡ್ ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಮಾಡಿದ್ದು ರದ್ದಾಗುತ್ತದೆಂದು ನಿಮಗೆ ಗೊತ್ತು. ಎಕ್ಸೆಲ್ ಕಡತವನ್ನು ಉಳಿಸಿ ಮುಚ್ಚಿದ ಮೇಲೆ ಆ ದಾರಿಯೂ ಮುಚ್ಚುತ್ತದೆ. ಅಂತರ್ಜಾಲದಲ್ಲಿಟ್ಟ ಕಡತಗಳು ಪ್ರತಿ ಬದಲಾವಣೆಯನ್ನೂ ನಮ್ಮನ್ನು ಕೇಳದೆ ಉಳಿಸಿಕೊಳ್ಳುತ್ತವೆ. ಸುಮ್ಮನೆ ಪ್ರಯತ್ನಿಸಿ ನೋಡಿದ್ದೂ ಅಲ್ಲಿ ದಾಖಲಾಗುತ್ತದೆ. ಗೂಗಲ್ ಶೀಟ್ಸಿನಲ್ಲಿ 'ವರ್ಷನ್ ಹಿಸ್ಟರಿ' ತೆರೆದರೆ ಹಿಂದಿನ ರೂಪಗಳು, ಬದಲಿಸಿದವರ ಹೆಸರಿನೊಡನೆ ಸಿಕ್ಕುತ್ತವೆ. ಹಳೆಯ ರಿಜಿಸ್ಟರಿನ ಗೆರೆ ಮತ್ತು ಚಿಕ್ಕ ಸಹಿ ಹೊಸ ರೂಪದಲ್ಲಿ ಮರಳಿ ಬಂದಂತೆ ಇದು. ಆದರೂ ಮುಖ್ಯವಾದ ಕೆಲಸ ಮುಗಿದ ದಿನ ಕಡತದ ಹೆಸರಿಗೆ ದಿನಾಂಕ ಸೇರಿಸಿ ಒಂದು ಪ್ರತಿ ತೆಗೆದು ಬೇರೆಡೆ ಇಡಿ. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿ ಫಲವಿಲ್ಲ.

ಮಿತ್ರರೇ, ಇಷ್ಟೆಲ್ಲ ಜಾಗ್ರತೆ ಒಂದು ಹಾಳೆಗೆ ಬೇಕೆ ಎಂದು ನೀವು ಕೇಳಬಹುದು. ಆ ಹಾಳೆಯಲ್ಲಿರುವವರು ಯಾರೆಂದು ಯೋಚಿಸಿ. ಅಂಕಪಟ್ಟಿಯ ಪ್ರತಿ ಸಾಲಿನಲ್ಲಿ ಒಬ್ಬ ಹುಡುಗನೋ ಹುಡುಗಿಯೋ ಇದ್ದಾಳೆ. ವಿದ್ಯಾರ್ಥಿವೇತನದ ಪಟ್ಟಿಯಲ್ಲಿ ಒಂದು ಮನೆಯ ಆಸೆ ಇದೆ. ಆಸ್ಪತ್ರೆಯ ಪಟ್ಟಿಯಲ್ಲಿ ಒಬ್ಬರ ರಕ್ತದ ಪರೀಕ್ಷೆಯ ಫಲಿತಾಂಶವಿದೆ. ಸಾಲು ಜರುಗಿದಾಗ ಅವರು ಯಾರೂ ಆ ಕೋಣೆಯಲ್ಲಿರುವುದಿಲ್ಲ, ತಮ್ಮ ಅಂಕಿ ಬದಲಾದುದು ಅವರಿಗೆ ತಿಳಿಯುವುದೂ ಇಲ್ಲ. ಹಾಳೆ ತೆರೆದು ಕುಳಿತವರೊಬ್ಬರೇ ಅವರ ಪರವಾಗಿ ನೋಡಿಕೊಳ್ಳಬಲ್ಲವರು. ನಾಳೆ ಬ್ಯಾಂಕು, ಪ್ರಯೋಗಾಲಯ, ಪಂಚಾಯಿತಿ ಕಚೇರಿಗಳಲ್ಲಿ ಆ ಕುರ್ಚಿಯಲ್ಲಿ ಕೂರುವವರು ನೀವು.

ಈ ವಾರ ಹೀಗೆ ಮಾಡಿ. ನಿಮ್ಮದೇ ಒಂದು ಹಳೆಯ ಸ್ಪ್ರೆಡ್‌ಶೀಟನ್ನು ತೆರೆದು ಮೊದಲು ಅದರ ಪ್ರತಿ ತೆಗೆಯಿರಿ. ಆ ಪ್ರತಿಯಲ್ಲಿ ತುಂಬುವ ಕೋಶಗಳಿಗೆ ತಿಳಿಹಳದಿ ಬಣ್ಣ ಕೊಟ್ಟು ಅವಷ್ಟನ್ನೇ ತೆರೆದಿಡಿ, ಉಳಿದುದಕ್ಕೆ ರಕ್ಷಣೆ ಕೊಡಿ. ಆಮೇಲೆ ಗೆಳೆಯರೊಬ್ಬರನ್ನು ಕರೆದು, ಕಣ್ಣುಮುಚ್ಚಿ ಕೀಲಿಮಣೆಯ ಮೇಲೆ ಬೆರಳಾಡಿಸಲು ಹೇಳಿ. ಸೂತ್ರಗಳು ಉಳಿದರೆ ನಿಮ್ಮ ಚಿಲಕ ಸರಿಯಾಗಿದೆ ಎಂದು ತಿಳಿಯಿರಿ.